ಶಾಯಿ ಕುಡದ ಮೃತ್ಯುಪತ್ರ

ದಾಂಡೇಲಿ ಕಾಗದದ ಮಿಲ್ಲಿಗೆ ನಾ ಸೇರಿ ಹತ್ತು ವರ್ಷದ ಮ್ಯಾಲಾತು. ಹೆಸರು ಅಂದಾನೆಪ್ಪ. ಇಷ್ಟು ವರ್ಷದಾಗ ಆ ಮಿಲ್ಲಿನ್ಯಾಗ ನಾ ಕಾಗದ ಅನ್ನೂದನ್ನ ನೋಡಿದ್ದು ತಿಂಗಳಿಗೊಮ್ಮೆ, ಪಗಾರದ ಚೀಟಿ ಕೈಗೆ ಬಂದಾಗ. ನನ್ನ ಕೆಲಸ ಬಿದಿರಿನ ಯಾರ್ಡಿನ್ಯಾಗ. ಜೋಯಿಡಾ ಕಡಿಂದ ಲಾರಿ ಬರ್ತಾವು, ಬಿದಿರು ಇಳಸ್ತೀವಿ, ಹಸೀದು ಒಂದು ಕಡೆ, ಒಣಗಿದ್ದು ಒಂದು ಕಡೆ ಒಟ್ಟತೀವಿ. ಆಮ್ಯಾಲ ಮಷೀನಿನ ಬಾಯಿಗೆ ಹೋದ ಬಿದಿರಿನ ಗತಿ ಏನಾಗತೈತಿ ಅನ್ನೂದು ನನಗೂ ಗೊತ್ತಿಲ್ಲ, ಬಿದಿರಿಗೂ ಗೊತ್ತಿಲ್ಲ.

ಆದ್ರ ಈ ಮಾತು ನಾ ಹಳಿಯಾಳದಾಗ ಯಾರ ಮುಂದೂ ಬಿಟ್ಟಿದ್ದಿಲ್ಲ. ಹಳಿಯಾಳ ನನ್ನ ಹೆಂಡ್ತಿ ತವರು. ಅಳಿಯ ಅಂದಮ್ಯಾಲ ಅತ್ತಿ ಮನಿ ಊರಾಗ ಒಂದಿಷ್ಟು ತೂಕ ಇರಬೇಕಲ್ಲ. ಬಸ್ಸು ಇಳದ ಕೂಡ್ಲೆ ಓಣಿ ಮಂದಿ ‘ಕಾಗದದ ಸಾಹೇಬ್ರು ಬಂದ್ರು’ ಅಂತಿದ್ರು. ನಾ ಬ್ಯಾಡ ಅನ್ಲಿಲ್ಲ. ಯಾರರ ಲಗ್ನದ ಪತ್ರಿಕಿ ಕೈಯಾಗ ಕೊಟ್ರ ಬೆರಳಾಗ ತಿಕ್ಕಿ, ಬೆಳಕಿಗೆ ಹಿಡದು, ‘ಹೂಂ, ನಡೀತೈತಿ’ ಅಂತಿದ್ದೆ. ಪತ್ರಿಕಿ ಕೊಟ್ಟಾವ ಲಗ್ನಾನ ಪಾಸಾತು ಅನ್ನೂವಂಗ ಖುಷಿಯಿಂದ ಹೋಗ್ತಿದ್ದ. ಇಷ್ಟ ಸಣ್ಣ ಸುಳ್ಳು ಮುಂದ ಓಣಿ ತುಂಬ ಬೆಳೀತೈತಿ ಅಂತ ನನಗೇನು ಕನಸು ಬಿದ್ದಿತ್ತೇನು?

ಅರವತ್ತನಾಲ್ಕರ ಮಳಿಗಾಲದಾಗ ನಮ್ಮತ್ತಿ ಗುರುಬಸವ್ವ ಬಚ್ಚಲ ಕಲ್ಲಿನ ಮ್ಯಾಲ ಜಾರಿ ಬಿದ್ದು ಟೊಂಕದ ಎಲುಬು ಮುರಕೊಂಡ್ಲು. ಹುಬ್ಬಳ್ಳಿ ದವಾಖಾನ್ಯಾಗ ಎರಡು ತಿಂಗಳು ಮಲಗಿಸಿ, ಕೈಯಾಗ ಒಂದು ಕೋಲು ಕೊಟ್ಟು ಕಳಿಸಿದ್ರು. ಇನ್ನ ಮ್ಯಾಲ ಅಕಿ ಒಬ್ಬಾಕಿನ ಇರೂವಂಗಿಲ್ಲ, ಎಬ್ಬಸಾಕ ಕುಂದ್ರಸಾಕ ಜೊತಿಗೆ ಮನಿಷ್ಯಾರು ಬೇಕು, ದಿನಾ ಎಣ್ಣಿ ತಿಕ್ಕಬೇಕು, ಹಾಲು ತುಪ್ಪ ತಪ್ಪಸಬಾರದು, ಮೂರು ತಿಂಗಳಿಗೊಮ್ಮೆ ಕರಕೊಂಡು ಬರಬೇಕು ಅಂತ ಡಾಕ್ಟರು ಹೇಳಿದ್ರು.

ಗುರುಬಸವ್ವಗ ಮಕ್ಕಳು ಮೂವರು. ದೊಡ್ಡಾವ ಉಳವಪ್ಪ ಹಳಿಯಾಳದಾಗ ಬ್ಯಾರೆ ಮನಿ ಮಾಡ್ಕೊಂಡು ಒಕ್ಕಲತನ ಮಾಡಾಂವ. ಸಣ್ಣಾವ ಶಂಕ್ರಪ್ಪ, ಮುಂಡಗೋಡದಾಗ ಗೋವಿನಜೋಳದ ವ್ಯಾಪಾರಿ. ನಡುವಿನಾಕಿ ನೀಲಕ್ಕ, ನನ್ನ ಹೆಂಡ್ತಿ. ಅತ್ತಿನ್ನ ಒಳಗ ಮಂಚದ ಮ್ಯಾಲ ಮಲಗಿಸಿ ನಾವೆಲ್ಲಾ ಪಡಸಾಲ್ಯಾಗ ಕುಂತ್ವಿ. ಉಳವಪ್ಪ ತನ್ನ ಮನ್ಯಾಗ ಎಮ್ಮಿ ಈಯಾಕ ಬಂದೈತಿ, ಎರಡು ಬಾಣಂತನ ಒಮ್ಮೆ ಆಗೂದಿಲ್ಲ ಅಂದ. ಶಂಕ್ರಪ್ಪ ಮುಂಡಗೋಡದ ಥಂಡಿ ಅವ್ವನ ಎಲುಬಿಗೆ ಆಗೂದಿಲ್ಲ ಅಂದ. ನಾ ನಮ್ಮ ಕ್ವಾರ್ಟರ್ಸಿನ ಖೋಲಿ ಒಂದ ಐತಿ ಅಂತ ಖರೇನ ಹೇಳಿದೆ. ಎಲ್ಲಾರಿಗೂ ಅವ್ವನ ಮ್ಯಾಲ ಭಾಳ ಪ್ರೀತಿ. ಎಷ್ಟು ಪ್ರೀತಿ ಅಂದ್ರ, ಅಕಿನ್ನ ಇನ್ನೊಬ್ಬರ ಮನ್ಯಾಗ ಸುಖದಿಂದ ಇಡಬೇಕಂತ ಪ್ರತಿಯೊಬ್ಬರೂ ಹಟ ಹಿಡದ್ರು.

ಬಾಗಿಲಾ ತೆಗದ ಇತ್ತು ಅನ್ನೂದು ಯಾರ ನೆಪ್ಪಿಗೂ ಬರಲಿಲ್ಲ. ಒಳಗಿಂದ ಕೋಲು ಮೂರು ಸಲ ನೆಲಕ್ಕ ಬಡೀತು.

“ಅಡಿವೆಯ್ಯನ್ನ ಕರೀರಿ,” ಅಂದ್ಲು ಅತ್ತಿ. “ಮೃತ್ಯುಪತ್ರ ಬರಸ್ತೀನಿ.”

ಕೆರಿ ಕೆಳಗಿನ ನಾಕು ಎಕರೆ ಭತ್ತದ ಗದ್ದಿ ಮತ್ತ ಆ ಹಂಚಿನ ಮನಿ, ಎರಡೂ ಅತ್ತಿಗೆ ಅವರಪ್ಪ ಬರದು ಕೊಟ್ಟದ್ದು, ಸ್ವಂತ ಅಕಿ ಹೆಸರಿಲೇ ಇದ್ದದ್ದು. ಉಳವಪ್ಪ ಎದ್ದು ನಿಂತು, ಎಮ್ಮಿ ಈಯೂದು ಇನ್ನೂ ತಡಾ ಐತಿ ಅಂದ.

ಅಡಿವೆಯ್ಯನೋರು ಕಚೇರಿ ಮುಂದಿನ ಬೇವಿನ ಗಿಡದ ಬುಡಕ ಕುಂತು ನಲವತ್ತು ವರ್ಷ ಖರೀದಿ ಪತ್ರ ಬರದವರು. ಬಂದು, ಮೃತ್ಯುಪತ್ರಕ್ಕ ಸ್ಟಾಂಪಿನ ಕಾಗದ ಬೇಕಾಗಿಲ್ಲ, ಸಾದಾ ಹಾಳಿ ನಡೀತೈತಿ, ಇಬ್ಬರು ಸಾಕ್ಷಿ ಸಾಕು, ಆದ್ರ ಹಾಳಿ ಮಾತ್ರ ಬಾಳಿಕಿ ಬರಬೇಕು ಅಂದ್ರು. ಎಲ್ಲಾರೂ ಒಮ್ಮೆ ನನ್ನ ಕಡೆ ನೋಡಿದ್ರು. ಆಗ ನಾ, ನನಗ ಬಿದಿರು ಅಷ್ಟ ಗೊತ್ತೈತ್ರಿ ಅಂದಿದ್ರ ಕಥಿ ಅಲ್ಲೇ ಮುಗೀತಿತ್ತು. ನನ್ನ ಬಾಯಿ ಸುಮ್ನ ಇರಬೇಕಲ್ಲ. ಅಂಗಡಿ ಹಾಳಿ ಮ್ಯಾಲ ಅತ್ತಿಯವರ ಮಾತು ಬರಸೂದೇನ್ರಿ, ನೂರು ವರ್ಷ ಬಾಳೂವಂಥಾದು ನಾ ತರ್ತೇನಿ ಅಂದೆ.

ದಾಂಡೇಲಿಗೆ ಹೋಗಿ, ಕಾಗದ ಕತ್ತರಿಸೂ ಕಡೆ ಕೆಲಸ ಮಾಡೂ ನನ್ನ ಗೆಳೆಯ ದ್ಯಾಮಪ್ಪನ್ನ ಹಿಡದೆ. ಯಾತಕ್ಕ ಬೇಕು ಅಂತ ಅವ ಕೇಳಿದ. ಮಿಲ್ಲಿನ ಮನಿಷ್ಯಾ ಆಗಿ ಕಾಗದದ ಬಗ್ಗೆ ಇನ್ನೊಬ್ಬನ್ನ ಕೇಳೂದೇನು ಅಂತ ನಾ ಬಾಯಿ ಬಿಡಲಿಲ್ಲ. ಎಲ್ಲಾದಕ್ಕಿಂತ ದಪ್ಪಂದು, ಬೆಳ್ಳಂದು, ಮೆತ್ತಂದು ಕೊಡು ಅಂದೆ. ಬಿದಿರಿನ್ಯಾಗ ದಪ್ಪಂದ ಗಟ್ಟಿ, ಕಾಗದದಾಗೂ ಹಂಗ ಇರಬೇಕಂತ ನನ್ನ ಲೆಕ್ಕಾಚಾರ. ಅವ ಕಟ್ಟಿ ಕೊಟ್ಟ. ಕಚೇರ್ಯಾಗ ಬರದದ್ದರ ಮ್ಯಾಲ ಒತ್ತಿ ಶಾಯಿ ಆರಸ್ತಾರಲ್ಲ, ಬ್ಲಾಟಿಂಗ್ ಅಂತ ಗುಲಾಬಿ ಬಣ್ಣದ ಕಾಗದ, ಅದನ್ನ ಎಲ್ಲಾರೂ ನೋಡೀರಿ. ಅದರಾಗ ಬಣ್ಣ ಹಾಕದ ಬಿಳೀದೂ ಇರತೈತಿ ಅನ್ನೂದು ನನಗ ಹೆಂಗ ಗೊತ್ತಾಗಬೇಕು? ಹಾಲಿನ ಕೆನಿ ಹಂಗ ಇತ್ತು ನೋಡ್ರಿ.

ಬರಿಯೂ ದಿನಾ ಅತ್ತಿ ನಮ್ಮನ್ನೆಲ್ಲಾ ಹೊರಗ ಹಾಕಿದ್ಲು. ಒಳಗ ಅಡಿವೆಯ್ಯನೋರು, ಸಾಕ್ಷಿಗೆ ಅಂತ ಪಕ್ಕದ ಮನಿ ದುರ್ಗವ್ವ ಮತ್ತ ಗಾಣದ ಶೇಖಪ್ಪ. ಆ ಇಬ್ಬರೂ ಹೆಬ್ಬೆಟ್ಟಿನ ಗಿರಾಕಿ. ಅಡಿವೆಯ್ಯನೋರ ಎರಡೂ ಕಣ್ಣಿಗೆ ಪೊರಿ ಬಂದಿತ್ತು, ಬರಿಯೂದು ಕೈ ರೂಢಿಲೇ ನಡದಿತ್ತು. ಸ್ವಲ್ಪ ಹೊತ್ತಿಗೆ ಅವರ ದನಿ ಬಂತು, ಅಂದಾನೆಪ್ಪ, ನಿನ್ನ ಕಾಗದ ಭಾಳ ಶಾಯಿ ಕುಡೀತೈತಲ್ಲೋ ಅಂತ. ಚಲೋ ಎಮ್ಮಿ ಭಾಳ ನೀರು ಕುಡೀತೈತ್ರಿ ಐನೋರ ಅಂತ ನಾ ಹೊರಗಿಂದ ಜವಾಬು ಕೊಟ್ಟೆ. ಎಲ್ಲಾರೂ ಹೌದಂತ ತಲಿ ಹಾಕಿದ್ರು.

ಕಾಗದ ಮಡಚಿ, ಬಿಸ್ಕೀಟಿನ ಡಬ್ಬಿಯೊಳಗಿಟ್ಟು, ದೇವರ ಜಗಲಿ ಮ್ಯಾಲ ಡಬ್ಬಿ ಕುಂದ್ರಿಸಿ ಆದ ಮ್ಯಾಲ ಅತ್ತಿ ನಮ್ಮನ್ನ ಒಳಗ ಕರದ್ಲು. “ನನ್ನ ಯಾರು ಹೆಂಗ ನೋಡ್ಕೋತಾರ ಅನ್ನೂದರ ಮ್ಯಾಲ ಬರಸೇನಿ,” ಅಂದ್ಲು. “ಯಾರಿಗೆ ಎಷ್ಟು ಅನ್ನೂದು ಡಬ್ಬಿಗೆ ಗೊತ್ತು. ನಾ ಸತ್ತ ಮ್ಯಾಲ ತೆಗೀರಿ.”

ಅವತ್ತ ಸಂಜಿಗೆ ಉಳವಪ್ಪನ ಹೆಂಡ್ತಿ ಈರಕ್ಕ ಬಿಸಿ ರೊಟ್ಟಿ ಮ್ಯಾಲ ತುಪ್ಪದ ಹೊಳಿ ಹರಿಸಿ ತಂದ್ಲು.

ಮೂರನೇ ದಿನಾ ಜಗಲಿ ಮ್ಯಾಲ ಇರಿವಿ ಸಾಲು ಕಂಡು, ಡಬ್ಬಿಯೊಳಗ ಹೊಕ್ಕಾವೇನೋ ಅಂತ ನಾ ಮುಚ್ಚಳಾ ತೆಗದೆ. ಹೆಂಗೂ ತೆಗದೇನಿ, ನನ್ನ ಕಾಗದ ಹೆಂಗ ಕುಂತೈತಿ ನೋಡೂಣು ಅಂತ ಬಿಚ್ಚಿದೆ. ಅಕ್ಷರ ಅನ್ನೂದು ಒಂದರ ಇದ್ರ ಕೇಳ್ರಿ. ಹಾಳಿ ತುಂಬ ನೀಲಿ ಮೋಡ, ಕೆಳಗ ಅತ್ತೀದು ಸಾಕ್ಷಿದಾರರದು ಮೂರು ಹೆಬ್ಬೆಟ್ಟು ಮೂರು ಬದನಿಕಾಯಿ ಆಗಿ ಕುಂತಿದ್ವು. ಇದು ಹೊರಗ ಬಿದ್ರ ನನ್ನ ಸಾಹೇಬಕಿ ಹೋಗೂದು ಇರಲಿ, ಅತ್ತಿ ರೊಟ್ಟಿ ಮ್ಯಾಲಿನ ತುಪ್ಪ ಹೋಗತೈತಿ. ಆಮ್ಯಾಲ ರೊಟ್ಟಿ. ಆಮ್ಯಾಲ ಮತ್ತ ಪಡಸಾಲ್ಯಾಗ ಕುಂತು, ಮುದುಕಿ ಯಾರ ಪಾಲಿಗೆ ಅಂತ ಹಗ್ಗ ಜಗ್ಗೂದು. ಇನ್ನೊಂದು ಬರಸ್ರಿ ಅನ್ನಬೇಕಂದ್ರ ಮೊದ್ಲಿಂದು ಏನಾತು ಅಂತ ಹೇಳಬೇಕಲ್ಲ.

ಮಡಚಿ ಇಟ್ಟೆ. ಹೊರಗ ಬಂದು ಎಲ್ಲಾರನ್ನೂ ಕುಂದ್ರಿಸಿ ಹೇಳಿದೆ: ಇದು ಉಂಚಾ ಮಾಲು, ಯಾರ್ಡಿನ್ಯಾಗ ಬಿದಿರು ಒಣಗಿ ಪಾಡಿಗೆ ಬರೂವಂಗ ಡಬ್ಬಿಯೊಳಗ ಪಾಡಿಗೆ ಬರಬೇಕು, ಗಾಳಿ ಸೋಕಿದ್ರ ಕೆಡತೈತಿ, ಯಾರೂ ಮುಚ್ಚಳಾ ಮುಟ್ಟಬಾರದು. ಸಾಹೇಬರ ಮಾತಿಗೆ ಎದುರಾಡಾವ್ರು ಯಾರು?

ಅಲ್ಲಿಂದ ಅತ್ತಿಯ ರಾಜ್ಯಭಾರ ಸುರು ಆತು. ಒಬ್ಬೊಬ್ಬರ ಮನ್ಯಾಗ ನಾಕು ತಿಂಗಳು ಅಂತ ಪಾಳಿ ಬಿತ್ತು. ಹಳಿಯಾಳದಾಗ ಉಳವಪ್ಪ ದಿನಾ ಮುಂಜಾನಿ ಅವ್ವನ್ನ ಎತಗೊಂಡು ಹೋಗಿ ಕಟ್ಟಿ ಮ್ಯಾಲ ಬಿಸಲಿಗೆ ಕುಂದ್ರಸ್ತಿದ್ದ. ಮುಂಡಗೋಡದಾಗ ಟಿಬೆಟದವರು ಬಂದು ಕ್ಯಾಂಪು ಮಾಡಿದ ಮ್ಯಾಲ ಶಂಕ್ರಪ್ಪ ಅವರ ಹತ್ರ ಒಂದು ಉಣ್ಣಿ ಸ್ವೆಟರು ತಂದು ಹಾಕಿದ. ಅದನ್ನ ಅತ್ತಿ ಯುಗಾದಿ ಬಿಸಲಾಗೂ ಬಿಚ್ಚಲಿಲ್ಲ, ನೋಡಾವರು ನೋಡ್ಲಿ ಅಂತ. ನಮ್ಮ ಖೋಲ್ಯಾಗ ಅತ್ತಿ ಮಂಚ ಹಾಕಿದ ಮ್ಯಾಲ ನನಗ ಉಳದದ್ದು ಮಂಚದ ಕೆಳಗಿನ ಜಾಗಾ. ಹುಬ್ಬಳ್ಳಿ ಡಾಕ್ಟರಿಗೆ ತೋರಸಾಕ ನಾ ಸೈಕಲ್ ಮಾರಿದೆ, ಉಳವಪ್ಪ ಒಂದು ಹೋರಿ ಮಾರಿದ. ಮಕ್ಕಳಂದ್ರ ಗುರುಬಸವ್ವನ ಮಕ್ಕಳು ಅಂತ ಸಾಲಿ ಮಾಸ್ತರು ಹುಡುಗರಿಗೆ ಪಾಠದಾಗ ಹೇಳಿದ್ರಂತ. ಅತ್ತಿ ಕೋಲು ಗ್ವಾಡಿಗೆ ಆನಿಸಿಟ್ಟು ನಾಕು ಹೆಜ್ಜಿ ತಾನ ನಡದ್ಲು.

ಇಷ್ಟಕ್ಕ ನಿಂತಿದ್ರ ಪಾಡಿತ್ತು. ಒಂದಿನಾ ದುರ್ಗವ್ವ ನನ್ನ ಹಾದಿ ಅಡ್ಡಗಟ್ಟಿದ್ಲು. ಮಕ್ಕಳಿಲ್ಲದಾಕಿ. ಅಕಿ ಅಣ್ಣನ ಮಗ ಅಕಿ ಹೊಲದ ಜ್ವಾಳ ತಿಂತಿದ್ದ, ಅಕಿಗೆ ಬೈಗಳ ತಿನಸ್ತಿದ್ದ.

“ನನಗೂ ಅದ ಕಾಗದ ಬೇಕು,” ಅಂದ್ಲು. “ಬ್ಯಾರೆ ಕೊಟ್ರ ಒಲ್ಲೆ. ಅದ.”

ಖಾಲಿ ಆಗೈತಿ ಅಂದೆ, ಅಕಿ ಕದಲಲಿಲ್ಲ. ಮರುದಿನಾ ಗಾಣದ ಶೇಖಪ್ಪ ಬಂದ, ಅವಗೂ ಅದ ಬೇಕಂತ. ಕೊಡೂದಿಲ್ಲ ಅನ್ನಾಕ ಕಾರಣ ಹೇಳಬೇಕು, ಕಾರಣ ಹೇಳಿದ್ರ ಅತ್ತಿ ಡಬ್ಬಿ ಬಯಲಿಗೆ ಬರತೈತಿ. ಉಳದ ಹಾಳಿ ಕೊಟ್ಟೆ. ಅಡಿವೆಯ್ಯನೋರು ಪೊರಿಗಣ್ಣಿಲೇ ಬರದ್ರು. ದುರ್ಗವ್ವ ಜಾಣಿ. ಉಳವಿ ಜಾತ್ರಿಗೆ ನಡಕೊಂಡು ಹೋಗಾವರಿಗೆ ಅನ್ನ ಹಾಕೂ ದಾಸೋಹದ ಟ್ರಸ್ಟಿಗೆ ಹೊಲ ಬರದೇನೋ ಏನೋ, ನೆಪ್ಪಿಲ್ಲ ಅಂತ ನೀರಿನ ಬಾವಿ ಹತ್ರ ಒಂದು ಮಾತು ಒಗದ್ಲು. ಸಂಜಿಗೆ ಟ್ರಸ್ಟಿನ ಹಿರಿಯರು ಒಂದು ಕಂಬಳಿ ತಗೊಂಡು ಕ್ಷೇಮ ವಿಚಾರಸಾಕ ಬಂದ್ರು. ಅಣ್ಣನ ಮಗ ಎರಡು ಕಂಬಳಿ ತಂದ. ಆಮ್ಯಾಲ ಸುದ್ದಿ ಹಬ್ಬಿ, ಎರಡು ವರ್ಷದಾಗ ಅತ್ತಿ ಓಣ್ಯಾಗ ಹನ್ನೊಂದು ಡಬ್ಬಿ ಆದ್ವು. ದ್ಯಾಮಪ್ಪ ನನಗ, ಇಷ್ಟು ಬ್ಲಾಟಿಂಗ್ ಒಯ್ತೀಯಲ್ಲೋ, ಮನ್ಯಾಗ ಕಚೇರಿ ತೆಗದಿಯೇನು ಅಂತ ಕೇಳಿದ. ಓಣಿ ಮುದುಕರು ಮುದುಕ್ಯಾರು ಮೈ ಕೈ ತುಂಬಿಕೊಂಡು ಕಟ್ಟಿ ಮ್ಯಾಲ ಸಾಲಿಡದು ಕುಂದ್ರತಿದ್ರು. ಸೊಸ್ಯಾರು ನನ್ನ ಕಂಡ್ರ ಸಿಟ್ಟಿಲೇ ಸೆರಗು ಝಾಡಸ್ತಿದ್ರು.

ಅರವತ್ತೇಳರ ಛಳಿಗಾಲಕ್ಕ ಶೇಖಪ್ಪ ಲಿಂಗೈಕ್ಯ ಆದ. ಚೆಂದಾಗಿ ಉಂಡು, ಮಕ್ಕಳ ಕೈಲೇ ಕಾಲು ಒತ್ತಿಸಿಕೊಂಡು, ನಿದ್ದಿಯೊಳಗ ಹೋದ. ಕಾರ್ಯ ಎಲ್ಲಾ ಮುಗಿಸಿ ಅವನ ಇಬ್ಬರು ಮಕ್ಕಳು ಡಬ್ಬಿ ತೆಗದ್ರ, ನೀಲಿ ಮೋಡ. ಓದಾಕ ಆಗದ್ದು ತಮ್ಮ ಅಡಾಣಿತನ ಅಂತ ತಿಳಕೊಂಡು ಕಚೇರಿಗೆ ಒಯ್ದ್ರು. ಕಾರಕೂನ ಅದನ್ನ ನಾಕೂ ಕಡೆ ತಿರುವಿ, ಕಿಟಕಿಗೆ ಹಿಡದು, ಇದು ಯಾವ ತಾಲೂಕಿನ ನಕಾಶಿ, ಇದು ಕೆರಿ ಇರಬೇಕಲ್ಲ ಅಂದನಂತ. ಆಮ್ಯಾಲ ಸಂಶೆ ಬಂದು, ತಾನು ಆಗಷ್ಟ ಹಾಕಿದ್ದ ಹಸೀ ಸಹಿ ಮ್ಯಾಲ ಒತ್ತಿ ನೋಡಿದ. ಸಹಿ ಕಣ್ಣು ಮಿಟಕಸೂದರಾಗ ಆರಿತು. ಇದು ಬ್ಲಾಟಿಂಗ್ ಐತಿ, ಮೃತ್ಯುಪತ್ರ ಇಲ್ಲದಂಗ ಲೆಕ್ಕ, ಕಾಯ್ದೆ ಪ್ರಕಾರ ಮಕ್ಕಳಿಗೆ ಸಮಪಾಲು ಅಂದ. ಮಾಲು ಭಾಳ ಚಲೋ ಐತಿ, ಬೇಡಾಗಿದ್ರ ಇಲ್ಲೇ ಬಿಟ್ಟು ಹೋಗ್ರಿ ಅಂತೂ ಅಂದ.

ನನ್ನ ದೈವಾ ನೋಡ್ರಿ, ಪಾಳಿ ಬದಲ ಆಗೂ ದಿನಾನೂ ಅದ ಇತ್ತು. ನಾನು ನೀಲಕ್ಕ ಅತ್ತಿನ್ನ ದಾಂಡೇಲಿಯಿಂದ ಬಸ್ಸಿನ್ಯಾಗ ಕರಕೊಂಡು ಬಂದಿದ್ವಿ, ಶಂಕ್ರಪ್ಪನೂ ಅವ್ವನ್ನ ನೋಡಾಕ ಬಂದಿದ್ದ. ಅತ್ತಿ ಮನಿ ಅಂಗಳಕ್ಕ ಓಣಿಗೆ ಓಣೀನ ಬಂತು. ಶೇಖಪ್ಪನ ಮಕ್ಕಳು, ದುರ್ಗವ್ವನ ಅಣ್ಣನ ಮಗ, ಟ್ರಸ್ಟಿನ ಹಿರಿಯರು, ನಡುವ ಕೋಲು ಹಿಡದ ಅಡಿವೆಯ್ಯನೋರು. ಅವರನ್ನ ಕೇಳಿದ್ರ, ಬರದದ್ದನ್ನ ಹೊಸ್ತಿಲಾ ದಾಟೂದರೊಳಗ ಮರೀತೀನಿ, ಅದ ನನ್ನ ಧರ್ಮ ಅಂದುಬಿಟ್ರು. ಹಂಗಾದ್ರ ಗುರುಬಸವ್ವನ ಡಬ್ಬಿ ತೆಗೀರಿ, ಮೂಲ ಅಲ್ಲೇ ಐತಿ ಅಂತ ಎಲ್ಲಾರೂ ಗದ್ಲ ಎಬ್ಬಿಸಿದ್ರು.

ನಾ ಜಗಲಿಗೆ ಬೆನ್ನು ಹಚ್ಚಿ ನಿಂತೆ. ಮೂರು ವರ್ಷ ಹೊಟ್ಟ್ಯಾಗ ಇಟ್ಟಕೊಂಡದ್ದು ಬಾಯಿಗೆ ಬಂತು.

“ತೆಗೀಬ್ಯಾಡ್ರಿ, ಅದರಾಗೂ ಏನಿಲ್ಲ,” ಅಂದೆ. “ನಾ ಕಾಗದದ ಸಾಹೇಬ ಅಲ್ಲ, ಬಿದಿರು ಇಳಸಾಂವ. ತಪ್ಪು ನಂದು. ಅತ್ತಿನ್ನ ಮಾತ್ರ ಯಾರೂ ದೂಡಬ್ಯಾಡ್ರಿ. ಅವರ ಮಂಚ ನಮ್ಮ ಖೋಲ್ಯಾಗ ಇರ್ಲಿ. ನನಗ ಕೆಳಗ ಮಲಗೂದು ರೂಢಿ ಆಗೈತಿ.”

ಉಳವಪ್ಪ ಬೈತಾನ ಅಂತ ನಾ ಮಾರಿ ಕೆಳಗ ಹಾಕಿದ್ದೆ. ಅವ ಕಾಲಿನ ಹೆಬ್ಬೆಟ್ಟಿಲೇ ನೆಲಾ ಕೆರಕೋತ ನಿಂತಿದ್ದ. ಕಡೀಕೆ, ತನಗ ಮೊದಲನೇ ದೀಪಾವಳಿಗೇ ಗೊತ್ತಾಗಿತ್ತು, ಜಗಲಿ ಸಾರಸೂ ಮುಂದ ಡಬ್ಬಿ ತೆಗದಿದ್ದೆ ಅಂದ. ಶಂಕ್ರಪ್ಪ ಕೆಮ್ಮಿ, ತಾ ಅದ ವರ್ಷ ಸಂಕ್ರಾಂತಿಗೆ ನೋಡೇನಿ ಅಂದ. ಇನ್ನೊಬ್ಬರಿಗೆ ಗೊತ್ತಾದ್ರ ಅವ್ವನ್ನ ಕೈಬಿಡ್ತಾರ, ಕಾಗದದ ಆಸೇಕ್ಕರ ನೋಡ್ಕೊಳ್ಳಿ ಅಂತ ಒಬ್ಬರ ಸಲುವಾಗಿ ಒಬ್ಬರು ಸುಮ್ನಿದ್ರಂತ. ನಾ ಹೆಂಡ್ತಿ ಕಡೆ ನೋಡಿದೆ.

“ನಾ ಎರಡನೇ ದಿನಾನ ನೋಡೇನಿ,” ಅಂದ್ಲು ನೀಲಕ್ಕ. “ನಿಮಗಿಂತ ಒಂದಿನಾ ಮೊದ್ಲು.”

ಅಂದ್ರ ನಾ ಮೂರು ವರ್ಷ, ಕಾಗದ ಪಾಡಿಗೆ ಬರಬೇಕು, ಗಾಳಿ ಸೋಕಬಾರದು ಅಂತ ಹೇಳೂದನ್ನ ಈ ಹೆಣ್ಮಗಳು ಮಾರಿ ಮ್ಯಾಲ ಒಂದು ಗೆರಿ ಕದಲಿಸದ ಕೇಳ್ಯಾಳ.

ಮಂಚದ ಮ್ಯಾಲಿಂದ ಕೋಲು ಬಡೀತು. ಬರಿಯೂ ಹೊತ್ತಿನ್ಯಾಗ ತನಗೂ ಗೊತ್ತಾತು ಅಂದ್ಲು ಅತ್ತಿ, ಓದಾಕ ಬರೂದಿಲ್ಲ ಖರೆ, ಕಣ್ಣು ಅದಾವಲ್ಲ. “ಅಕ್ಷರ ಮೂಡಿದ್ರ ಒಬ್ಬಾಂವ ನೋಡ್ಕೊಂತಿದ್ದ, ಇಬ್ಬರು ಬಿಡ್ತಿದ್ರು. ಮೂಡದ್ದಕ್ಕ ಮೂರೂ ಮನಿ ನನ್ನವಾದ್ವು.”

ಬಾಗಲದಾಗ ನಿಂತ ದುರ್ಗವ್ವ, ನಾವಿಬ್ಬರೂ ಸಾಕ್ಷಿ ಕುಂತಾಗ ನೋಡಿದ್ವಲ್ಲ, ಅದಕ್ಕ ಅದ ಕಾಗದ ಬೇಡಿದ್ದು ಅಂದ್ಲು. ನಾ ಇಷ್ಟು ದಿನಾ ಮಾಲಿನ ಗುಣಾ ಮೆಚ್ಚಿ ಬೇಡ್ಯಾರಂತ ತಿಳದಿದ್ದೆ. ಶೇಖಪ್ಪನ ಮಕ್ಕಳು, ಅಪ್ಪ ಡಬ್ಬಿ ಕಡೆ ನೋಡಿ ಯಾಕ ನಗತಿದ್ದ ಅನ್ನೂದು ಈಗ ತಿಳೀತು ಅಂದ್ರು. ದುರ್ಗವ್ವನ ಅಣ್ಣನ ಮಗ, ಹಂಗಾದ್ರ ಮನಿಗೆ ಹೋಗಿ ನಮ್ಮ ಡಬ್ಬಿನೂ ತೆಗಿತೇನಿ ಅಂತ ಜಿಗದ. ತೆಗಿಯಪ್ಪಾ ಅಂದ್ಲು ದುರ್ಗವ್ವ, ಅಡಿವೆಯ್ಯನೋರು ಇಲ್ಲೇ ಅದಾರ, ಟ್ರಸ್ಟಿನವರೂ ಇಲ್ಲೇ ಅದಾರ, ಈ ಸಲ ಸಾಲಿ ಹುಡುಗರ ಹಾಳಿ ಮ್ಯಾಲ ಬರಸೂಣು. ಅವ ಅಲ್ಲೇ ಮೆತ್ತಗಾಗಿ, ಅತ್ತಿ, ಬಿಸಲಾಗ ಯಾಕ ನಿಂತಿ, ನಡಿ ಮನಿಗೆ ಅಂತ ದುರ್ಗವ್ವನ ಕೈ ಹಿಡಕೊಂಡ. ಟ್ರಸ್ಟಿನ ಹಿರಿಯರು, ಕೊಟ್ಟ ಕಂಬಳಿ ವಾಪಸ್ ತಗೊಳ್ಳೂ ಪದ್ಧತಿ ದಾಸೋಹದಾಗ ಇಲ್ಲ ಅಂತ ತಾವ ಹೇಳಿ ಹೋದ್ರು. ನಿಧಾನಕ್ಕ ಅಂಗಳ ಖಾಲಿ ಆತು. ಉಳದ ಡಬ್ಬಿ ಯಾರೂ ತೆಗೀಲಿಲ್ಲ ಅಂತ ಆಮ್ಯಾಲ ಕೇಳಿದೆ.

ಅಡಿವೆಯ್ಯನೋರು ಕುಂತ ಇದ್ರು, ಹೊಸಾದು ಬರೀಲೇನು ಗುರುಬಸವ್ವ ಅಂದ್ರು. ಬ್ಯಾಡ, ಕಾಯ್ದೆ ಹೆಂಗ ಹೇಳತೈತೋ ಹಂಗ ಮೂರು ಪಾಲು ಆಗ್ಲಿ ಅಂದ್ಲು ಅತ್ತಿ. ಈರಕ್ಕ ಡಬ್ಬಿಯೊಳಗಿನ ಹಾಳಿ ತಗದು, ಹೆಂಗೂ ಹೀರತೈತಿ ಅಂತ ಬಿಸಿ ರೊಟ್ಟಿ ಬುಟ್ಟಿ ಬುಡಕ ಹಾಸಿದ್ಲು. ಎಲ್ಲಾರೂ ಊಟಕ್ಕ ಕುಂತ್ವಿ. ಅತ್ತಿ ತಾಟಿಗೆ ರೊಟ್ಟಿ ಬಿತ್ತು, ಅದರ ಮ್ಯಾಲ ದಿನದಂಗ ತುಪ್ಪ ಬಿತ್ತು. ಅತ್ತಿ ತುತ್ತು ಮುರೀಲಿಲ್ಲ. ತುಪ್ಪಾನ ನೋಡಕೋತ ಕುಂತ್ಲು.

“ಅಲ್ಲಬೇ,” ಅಂದ್ಲು ಈರಕ್ಕಗ, “ನಿಮಗ ಮೊದಲನೇ ದೀಪಾವಳಿಗೇ ಗೊತ್ತಿತ್ತಂದ್ರ, ಇಷ್ಟು ದಿನದ ಈ ತುಪ್ಪ ಯಾತರದು?”

ಈರಕ್ಕ ಇನ್ನೊಂದು ಚಮಚ ಹಾಕಿದ್ಲು. “ಮನಿ ಎಮ್ಮೀದು ರೀ ಅತ್ತಿ,” ಅಂದ್ಲು. “ಉಣ್ರಿ, ಆರತೈತಿ.”

ಟೊಂಕ ಮುರದಾಗೂ ಒಂದು ಹನಿ ಕಣ್ಣೀರು ಹಾಕದ ನಮ್ಮತ್ತಿ, ಸ್ವೆಟರಿನ ತೋಳಿಲೇ ಕಣ್ಣು ಒರಸ್ಕೊಂಡು ರೊಟ್ಟಿ ಮುರದ್ಲು.